ದೊಡ್ಡಪ್ಪ ಮತ್ತೆ ಮೀನು ತಿಂದರು

ಮಯಾನಾ ದ್ವೀಪ
ಆಗಸ್ಟ್ ೧೪, ೨೦೧೭

ಮುದ್ದಿನ ಅರಿಟೀಟಾ,

ಹೇಗಿದ್ದೀಯ ಮಗಳೇ? ಕೆಮ್ಮು ಬಿಟ್ಟಿತೇ? ತಾರಾವಾದ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಕಲಿಯುತ್ತಾ ನಿನ್ನ ಊಟವನ್ನೇ ಮರೆಯಬೇಡ. ನಾವಿಲ್ಲಿ ಚೆನ್ನಾಗಿದ್ದೇವೆ. ಈ ಸಲ ಈ ಮಾತನ್ನು ಬರೀ ವಾಡಿಕೆಗೆ ಬರೆಯುತ್ತಿಲ್ಲ, ನಿಜವಾಗಿಯೇ ಹೇಳುತ್ತಿದ್ದೇನೆ.

ನಿನ್ನ ದೊಡ್ಡಪ್ಪ ಟಾಬೆರಾಗೆ ಮೀನಿನ ವಿಷ ಏರಿದ್ದು ನಿನಗೆ ತಿಳಿದಿರಬೇಕು. ಹೇಗಾಯಿತೆಂದು ಯಾರೂ ಹೇಳಿರಲಾರರು. ಊರಿನ ಸಭಾಮನೆಯಲ್ಲಿ ಹಿರಿಯರಿಗೆ ಊಟವಿತ್ತು. ನಿಮ್ಮಪ್ಪ ದಕ್ಷಿಣದ ಹವಳದ ದಿಬ್ಬದಿಂದ ಕೆಂಪು ಮೀನು ತಂದರು. ಅಲ್ಲಿಯ ಮೀನನ್ನು ಅಜ್ಜನ ಕಾಲದಿಂದ ಕಣ್ಣು ಮುಚ್ಚಿ ತಿಂದವರು ನಾವು. ಎರಡು ವರ್ಷದ ಹಿಂದೆ ಕಡಲು ಬಿಸಿಯಾಗಿ ಹವಳವೆಲ್ಲ ಬೆಳ್ಳಗಾಗಿ ಸತ್ತಿತಲ್ಲ, ಆಮೇಲೆ ಅಲ್ಲಿ ವಿಷದ ಪಾಚಿ ಬೆಳೆದು ಮೀನಿನ ಮೈ ಸೇರುತ್ತಿದೆ ಎಂದು ನರ್ಸಮ್ಮ ಈಗ ಹೇಳುತ್ತಾರೆ. ಆಗ ಯಾರಿಗೆ ಗೊತ್ತಿತ್ತು? ಯಾರೋ ಅನುಮಾನಪಟ್ಟಾಗ ನಿಮ್ಮಪ್ಪ, "ನೊಣ ಕೂತಿದೆ ನೋಡ್ರಪ್ಪಾ, ವಿಷ ಇದ್ದಿದ್ರೆ ಹತ್ರ ಬರ್ತಿತ್ತಾ?" ಎಂದು ನಕ್ಕರು. ಬೆಕ್ಕಿಗೂ ಒಂದು ತುಂಡು ಹಾಕಿ ನೋಡಿದೆವು. ಅದು ತಿಂದು ಇನ್ನೊಂದು ಕೇಳಿತು. ಮೀನಿನ ತಲೆ ಎಲ್ಲರಿಗಿಂತ ಹಿರಿಯರಿಗೆ ಸಲ್ಲಬೇಕಲ್ಲ, ಅದು ದೊಡ್ಡಪ್ಪನ ಪಾಲಾಯಿತು, ವಿಷವೂ ಅಲ್ಲೇ ಹೆಚ್ಚಂತೆ. ಕತ್ತಲಾಗುವಷ್ಟರಲ್ಲಿ ದೊಡ್ಡಪ್ಪನಿಗೆ ವಾಂತಿ ಹತ್ತಿತು, ತುಟಿ ಜುಮ್ಮೆಂದಿತು, ಕಾಲು ನಿಲ್ಲದಾಯಿತು. ಎದೆಬಡಿತ ನಿಧಾನವಾಗುತ್ತಿದೆ ಎಂದು ನರ್ಸಮ್ಮ ಅಂದಾಗ ನನ್ನ ಜೀವ ಬಾಯಿಗೆ ಬಂತು. ನನಗೂ ಉಳಿದವರಿಗೂ ಹೊಟ್ಟೆ ಕೆಟ್ಟು ಬೇಗ ಸರಿಯಾಯಿತು. ಬಡಿಸುವ ಗಡಿಬಿಡಿಯಲ್ಲಿ ನಿಮ್ಮಪ್ಪ ಮಾತ್ರ ತಿಂದಿರಲೇ ಇಲ್ಲ.

ದೊಡ್ಡಪ್ಪ ಬದುಕಿದರು. ಆದರೆ ನಿಮ್ಮಪ್ಪ ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿದರು. "ಅಣ್ಣನ ಬಾಯಿಗೆ ವಿಷ ಇಟ್ಟ ಕೈ ಇದು" ಎಂದು ಚಾಪೆ ಹಿಡಿದರು. ನಾವು ಗೆಡ್ಡೆ ಬೆಳೆಯುವ ಗುಂಡಿಗೆ ಕಳೆದ ವರ್ಷವೇ ಕಡಲು ನುಗ್ಗಿ ಎಲ್ಲ ಕೊಳೆತು ಹೋಗಿತ್ತು. ಇನ್ನು ಮೀನೂ ಇಲ್ಲವೆಂದರೆ ಅಂಗಡಿಯ ಅಕ್ಕಿ, ಸಕ್ಕರೆ, ಡಬ್ಬಿಯ ಮಾಂಸವೇ ಗತಿ. ಅದನ್ನೇ ತಿಂದು ಮಲಗಿ ನಿಮ್ಮಪ್ಪನ ಸಕ್ಕರೆ ಕಾಯಿಲೆ ಏರಿತು. "ಇವರನ್ನ ಹೀಗೇ ಬಿಟ್ರೆ ಮೀನಿಗಿಂತ ಮೊದಲು ಈ ಡಬ್ಬೀನೇ ಕೊಲ್ಲುತ್ತೆ ಕಣಮ್ಮ" ಎಂದು ನರ್ಸಮ್ಮ ನನ್ನನ್ನೇ ಬೈದರು. ಹಗಲೆಲ್ಲ ಚಾಪೆಯ ಮೇಲೆ ಬಿದ್ದು ಚಾವಣಿ ನೋಡುವ ಗಂಡನನ್ನು ಕಂಡು, ಇವರು ನನ್ನ ಕೈತಪ್ಪಿ ಹೋಗುತ್ತಾರೆಂದು ಹೆದರಿದ್ದೆ ಮಗಳೇ.

ಎಬ್ಬಿಸಿದ್ದು ದೊಡ್ಡಪ್ಪನೇ. ಕೋಲೂರಿಕೊಂಡು ಬಂದು ಚಾಪೆಯ ಪಕ್ಕ ಕೂತರು. "ಏನೋ, ನಾನು ಸಾಯ್ಲಿಲ್ಲ ಅಂತ ಮುನಿಸ್ಕೊಂಡಿದ್ದೀಯಾ? ಡಬ್ಬಿ ತಿಂದು ನನ್ನ ನಾಲಿಗೆ ತಗಡಾಗಿದೆ. ಆ ದಿಬ್ಬದ ಸಹವಾಸ ಬೇಡ, ಹೊರಗಡಲಿಗೆ ಹೋಗಿ ಟ್ಯೂನಾ ತಾ. ಅದ್ರಲ್ಲಿ ಈ ವಿಷ ಇರಲ್ವಂತೆ. ಮೊದಲ ತುತ್ತು ನಂದು" ಎಂದರು. ನಿಮ್ಮಪ್ಪ ಎದ್ದು ಹೋಗಿ ಮಗುಚಿದ ದೋಣಿಯನ್ನು ಎತ್ತಿದರು. ನಿನ್ನೆ ಮಧ್ಯಾಹ್ನ ಮೀನು ಬಂತು. ದೊಡ್ಡಪ್ಪ ಹಸಿ ತುಂಡನ್ನೇ ಬಾಯಿಗೆ ಹಾಕಿಕೊಂಡು ಬೇಕೆಂದೇ ನಿಧಾನವಾಗಿ ಅಗಿದರು. ನಿಮ್ಮಪ್ಪ ಉಸಿರು ಬಿಗಿಹಿಡಿದು ನಿಂತಿದ್ದರು. ಕೊನೆಗೆ ದೊಡ್ಡಪ್ಪ, "ಉಪ್ಪು ಕಮ್ಮಿ" ಎಂದರು. ಎಲ್ಲರೂ ನಕ್ಕುಬಿಟ್ಟೆವು, ನಿಮ್ಮಪ್ಪ ನಗುತ್ತಲೇ ಅತ್ತರು. ಇವತ್ತು ಯಾರೂ ಹೇಳದೆ ತಾವೇ ಗಾಳ ಸರಿಮಾಡಿಕೊಂಡರು. ನನಗೆ ಹೋದ ಜೀವ ಬಂದಂತಾಗಿದೆ.

ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ದೊಡ್ಡಪ್ಪ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ತಂಬಾಕು ಕೇಳಿದ್ದಾರೆ, ಕಳಿಸಬೇಡ.

ನಿನ್ನ ಅಮ್ಮ,
ಕೌರೆ

ಇನ್ನೊಂದು ಮಾತು: ನಿಮ್ಮಪ್ಪ ದೋಣಿ ನೂಕಲು ಹೋಗಿದ್ದಾರೆ, ಅಷ್ಟರಲ್ಲಿ ಬರೆಯುತ್ತೇನೆ. ಆ ಊಟದ ದಿನದಿಂದ ನನಗೆ ತಣ್ಣೀರು ಸೋಕಿದರೆ ಕೆಂಡ ಮುಟ್ಟಿದ ಹಾಗೆ ಸುಡುತ್ತದೆ. ಈ ವಿಷಕ್ಕೆ ಹಾಗಾಗುವುದುಂಟು, ತಿಂಗಳುಗಟ್ಟಲೆ ಇದ್ದು ಹೋಗುತ್ತದೆ ಎಂದರು ನರ್ಸಮ್ಮ. ಮೊದಲಿಗಿಂತ ಕಡಿಮೆಯಾಗಿದೆ ಕೂಡ. ನಿಮ್ಮಪ್ಪನಿಗೆ ಹೇಳಿಲ್ಲ. ಗೊತ್ತಾದರೆ ಮತ್ತೆ ದೋಣಿ ಮಗುಚುತ್ತಾರೆ. ನೀನು ಅಲ್ಲಿನ ಡಾಕ್ಟರನ್ನು ಕೇಳಿ ನರ್ಸಮ್ಮನ ಹೆಸರಿಗೆ ಬರೆ. ಮನೆಗೆ ಬಂದ ಪತ್ರವನ್ನು ನಿಮ್ಮಪ್ಪ ಎಲ್ಲರಿಗೂ ಓದಿ ಹೇಳುತ್ತಾರೆ. ನಿನ್ನೆ ಮೀನು ಸಿಕ್ಕ ಖುಷಿಯಲ್ಲಿ, ಮದುವೆಯ ಹೊಸದರಲ್ಲಿ ಮಾಡುತ್ತಿದ್ದಂತೆ ನನ್ನನ್ನು ಕೂರಿಸಿ, ಬಾವಿಯ ತಣ್ಣೀರು ಸುರಿದು ಕಾಲಿನ ಮರಳು ತೊಳೆದರು. ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.