ಹಗ್ಗದ ಕೆಳಗಿನ ತುದಿ

ರಬಾಬ್,

ಇದನ್ನು ಕಳಿಸುವುದಿಲ್ಲವೆಂದು ಗೊತ್ತು. ಆದರೂ ನಿನಗಲ್ಲದೆ ಇನ್ನಾರಿಗೆ ಹೇಳಲಿ! ಇವತ್ತು ಸಂಜೆ ನಮ್ಮ ಬುಟ್ಟಿ ನೃತ್ಯ ಮಾಡಿಯೇಬಿಟ್ಟೆ. "ಗಲ್ಲಿ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ ಕಣೆ" ಎಂದು ನೀನು ಬಿಟ್ಟುಹೋದೆಯಲ್ಲ, ಅದೇ ನೃತ್ಯ. ನಮ್ಮ ಶುಬ್ರಾ ಬಡಾವಣೆಯ ಅದೇ ಗಲ್ಲಿ, ಮೂರನೇ ಮಹಡಿಯ ಅದೇ ಬಾಲ್ಕನಿ. ಜನ ಕೆಳಗೆ ಕುರ್ಚಿ ಹಾಕಿಕೊಂಡು ಕತ್ತೆತ್ತಿ ಕೂತಿದ್ದರು.

ಕೆಳಗೆ ಗಲ್ಲಿಯಲ್ಲಿ ನೀನು ನಿಂತು ಹಗ್ಗ ಜಗ್ಗಬೇಕಿದ್ದ ಜಾಗದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ದಿನಾ ರೊಟ್ಟಿ, ತರಕಾರಿ ಮೇಲೆಳೆದುಕೊಳ್ಳುವ ಬುಟ್ಟಿಯನ್ನೇ ಖಾಲಿಯಾಗಿ ಹಗ್ಗದಲ್ಲಿ ಇಳಿಬಿಟ್ಟು, ಅದು ತೂಗಿದಂತೆಲ್ಲ ಬೆನ್ನು ಬಾಗಿಸಿ, ಕಂಬಿಯ ಮೇಲೆ ಮೈ ಚೆಲ್ಲಿ ಕುಣಿದೆ.

ಎದುರುಮನೆಯ ತಫೀದಾ ಅಜ್ಜಿ ಕೂಗಿದಳು: "ಒಂದು ಬುಟ್ಟಿ ಬಿಡೋಕೆ ಇಷ್ಟು ಒದ್ದಾಡ್ತೀಯಲ್ಲೇ, ಸೊಂಟ ಉಳುಕೀತು!"

ಎಲ್ಲರೂ ನಗುತ್ತಿರುವಾಗಲೇ ಶಹಾತಾ ಕಾಕಾ ತಲೆಯ ಮೇಲೆ ರೊಟ್ಟಿಯ ಹಲಗೆ ಹೊತ್ತು ಸೈಕಲ್ಲಿನಲ್ಲಿ ಬಂದ. ಬುಟ್ಟಿ ಇಳಿದಿದ್ದರೆ ರೊಟ್ಟಿ ಬೇಕೆಂದೇ ಅವನ ಲೆಕ್ಕ. ಕುರ್ಚಿಗಳ ನಡುವೆ ನುಗ್ಗಿ, ರೊಟ್ಟಿ ಹಾಕಿ, ಹಗ್ಗ ಜಗ್ಗಿ, "ಎಳ್ಕೊಳಮ್ಮಾ, ಬಿಸಿ ಇದೆ!" ಅಂದ.

ಆ ಜಗ್ಗು, ರಬಾಬ್! ಇಡೀ ಮೈ ಮುಂದಕ್ಕೆ ವಾಲಿತು. ನಾವು ಅಷ್ಟು ದಿನ ಹುಡುಕಿದ್ದ ಚಲನೆ ತಾನಾಗಿ ಬಂತು. ಗಲ್ಲಿಗೆ ಗಲ್ಲಿಯೇ ಚಪ್ಪಾಳೆ ತಟ್ಟಿತು.

ಮೇಲೆಳೆದರೆ ಎರಡು ರೊಟ್ಟಿ.

"ಕಾಕಾ, ನಂಗೆ ಒಂದೇ ಸಾಕಿತ್ತು."

"ಮತ್ತೆ ಆ ಇನ್ನೊಬ್ಳು ತಿನ್ನಲ್ವಾ?"

ನನ್ನದನ್ನು ಅಲ್ಲೇ ನಿಂತು ತಿಂದೆ. ನಿನ್ನದು ಬುಟ್ಟಿಯಲ್ಲಿದೆ. ಹಗ್ಗ ಇನ್ನೂ ಬಿಚ್ಚಿಲ್ಲ.

ಸಫಿನಾಜ್