ಐದನೇ ಬೆರಳು

ಮುಂಡರಗಿ, ೧೦ ಡಿಸೆಂಬರ್ ೧೯೫೬, ಸೋಮವಾರ

ನಮ್ಮ ಸೀಮಿಯ ಐದು ಬೆರಳಿನ ಕೋಳಿ ಸರಕಾರದ ತಳಿಪಟ್ಟಿಗೆ ಸೇರಲಿ ಅಂತ ಮೊದಲು ಮುಂಬೈಗೆ ಅರ್ಜಿ ಬರೆದೆ, ರಾಜ್ಯ ಒಂದಾದ ಮ್ಯಾಲೆ ಬೆಂಗಳೂರಿಗೂ ಬರೆದೆ. ಇವತ್ತು ತಳಿ ನೋಡೋ ಸರಕಾರಿ ಸಾಹೇಬರು ಬಂದು, ಸಿಂಗಟಾಲೂರಿನ ತಿಪ್ಪವ್ವ ತಂದ ಹುಂಜದ ಬೆರಳು ಎಣಿಸಿದರು. ಒಂದೊಂದು ಕಾಲಿಗೆ ನಾಲ್ಕೇ. "ಸಾದಾ ಕೋಳಿ" ಅಂತ ಇಂಗ್ಲಿಷಿನಾಗ ಬರಕೊಂಡು ಜೀಪು ಹತ್ತಿದರು.

ಆಮ್ಯಾಲೆ ತಿಪ್ಪವ್ವ ಅಂದಳು: "ಅದಲಬದಲ ಆಗದಂಗ ಗುರುತು ಮಾಡಿ ತಾ ಅಂದಿದ್ರಲ್ರಿ ಮಾಸ್ತರ. ನಮ್ಮೂರಾಗ ಗುರುತಿಗೆ ಕೋಳಿ ಬೆರಳ ಕತ್ತರಸತೀವಿ. ಎರಡೂ ಕಾಲಿನ ಹೆಚ್ಚಿಂದನ್ನ ತಗದೀನ್ರಿ."

ದಾರ ಕಟ್ಟು ಅಂತ ನಾ ಬಿಡಿಸಿ ಹೇಳಬೇಕಿತ್ತು.

"ಸಾಹೇಬ್ರು ನಮ್ಮ ಕೋಳಿ ಹೆಸರು ಬರಕೊಂಡ್ರೇನ್ರಿ?" ಅಂತ ಕೇಳಿದಳು. ಹೂಂ ಅಂದುಬಿಟ್ಟೆ.

"ಹಂಗಾರ ಮರಿಗೋಳಿಗೂ ಹಿಂಗ ಕತ್ತರಸತೀನಿ" ಅಂತ ಹುಂಜವನ್ನು ಸೆರಗಿನಾಗ ಸುತ್ತಿಕೊಂಡು ಹೋದಳು.