ಕಸ ಸಾಲದು ಎಂಬ ನೋಟಿಸಿಗೆ ಚೀಲ ಹೊಲಿಯುವವಳ ಉತ್ತರ

ತ್ಯಾಜ್ಯ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಅಂಗಡಿಯಿಂದ ನಿಮಗೆ ಸಾಕಷ್ಟು ಕಸ ಬರುತ್ತಿಲ್ಲವೆಂದು ನೀವು ನನ್ನ ಪರವಾನಗಿಯನ್ನು ತಡೆಹಿಡಿದಿದ್ದೀರಿ. ಈ ವಾಕ್ಯವನ್ನು ಬರೆದ ಮೇಲೆ, ಎಲ್ಲಾದರೂ ಕೈತಪ್ಪಿತೇ ಎಂದು ಮೂರು ಸಲ ಓದಿಕೊಂಡೆ. ಇಲ್ಲ, ಸರಿಯಾಗಿಯೇ ಇದೆ. ನಿಮ್ಮ ನೋಟಿಸಿನಲ್ಲಿ ಇದೇ ಮಾತು ಇನ್ನೂ ಗಂಭೀರವಾಗಿದೆ: ‘ಸದರಿ ಮಳಿಗೆಯು ಕಳೆದ ಹನ್ನೊಂದು ತಿಂಗಳುಗಳಲ್ಲಿ ನಿಗದಿತ ಪ್ರಮಾಣದ ತ್ಯಾಜ್ಯವನ್ನು ಹಸ್ತಾಂತರಿಸಲು ವಿಫಲವಾಗಿರುತ್ತದೆ.’ ನಾನು ಬದುಕಿನಲ್ಲಿ ಅನೇಕ ಕಡೆ ವಿಫಲಳಾದವಳು. ಗಣಿತದಲ್ಲಿ, ಈಜಿನಲ್ಲಿ, ನಾದಿನಿಯನ್ನು ಮೆಚ್ಚಿಸುವುದರಲ್ಲಿ. ಆದರೆ ಕಸ ಮಾಡುವುದರಲ್ಲಿಯೂ ವಿಫಲಳೆಂದು ಮೊಹರು ಹಾಕಿಸಿಕೊಂಡದ್ದು ಇದೇ ಮೊದಲು. ಈ ಶನಿವಾರದೊಳಗೆ ಲೋಪವನ್ನು ಸರಿಪಡಿಸದಿದ್ದರೆ ಅಂಗಡಿಗೆ ಬೀಗ ಹಾಕಲಾಗುವುದು ಎಂದು ಕೊನೆಯ ಸಾಲಿನಲ್ಲಿದೆ. ಅಲ್ಲಿ ಮಾತ್ರ ನನಗೆ ನಗು ಬರಲಿಲ್ಲ.

ನಾನು ಯಾರೆಂದು ನಿಮಗೆ ಗೊತ್ತಿರಲಾರದು, ಹೇಳಿಬಿಡುತ್ತೇನೆ. ನಾನು ಹರಿದ ಚೀಲ, ಮುರಿದ ಕೊಡೆ, ಕೆಟ್ಟ ಜಿಪ್ಪು ಸರಿಮಾಡುವವಳು. ಔಷಧದಂಗಡಿಗೂ ಬೀಗದ ಕೈ ಮಾಡುವವರ ಅಂಗಡಿಗೂ ನಡುವೆ ನನ್ನ ಅಂಗಡಿಯಿದೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಬಂದವರು ಕೂರಲು ಒಂದು ಬೆಂಚು, ಲೆಕ್ಕವಿಲ್ಲದಷ್ಟು ಡಬ್ಬಿ. ಇಪ್ಪತ್ತಮೂರು ವರ್ಷದಿಂದ ಅಲ್ಲೇ ಕೂತಿದ್ದೇನೆ. ಚೀಲ ಹೊಲಿಯುವಾಗ ಉಳಿದ ಚರ್ಮದ ತುಂಡು ಇನ್ನೊಂದು ಚೀಲಕ್ಕೆ ತೇಪೆಯಾಗುತ್ತದೆ. ತೇಪೆಗೂ ಸಾಲದ ತುಂಡು ಕೊಡೆಯ ಕಡ್ಡಿ ಬಟ್ಟೆಯನ್ನು ತೂತು ಮಾಡದಂತೆ ಅವೆರಡರ ನಡುವೆ ಕೂರುತ್ತದೆ. ಅದಕ್ಕೂ ಆಗದ ಚೂರುಗಳು, ತುಂಡು ದಾರಗಳು ನಾನು ಕೂರುವ ದಿಂಬಿನ ಹೊಟ್ಟೆ ಸೇರುತ್ತವೆ. ಸತ್ತ ಕೊಡೆಯ ಬಟ್ಟೆ ಬದುಕಿರುವ ಚೀಲಕ್ಕೆ ಮಳೆಯ ಹೊದಿಕೆ. ಹಾಳಾದ ಜಿಪ್ಪಿನ ರನ್ನರ್ ಕೂಡ ಬಿಚ್ಚಿ ಡಬ್ಬಿಗೆ ಹಾಕುತ್ತೇನೆ, ಎಂದಾದರೂ ಅದರ ಅಳತೆಯ ಜಿಪ್ಪು ಬಂದೇ ಬರುತ್ತದೆ. ಇದೆಲ್ಲ ಭೂಮಿಯ ಮೇಲಿನ ಪ್ರೀತಿ ಎಂದು ದಯವಿಟ್ಟು ತಿಳಿಯಬೇಡಿ. ಇದು ಅಪ್ಪಟ ಜಿಪುಣತನ, ನನ್ನ ತಾಯಿಯಿಂದ ಬಂದದ್ದು. ‘ಸುಸ್ಥಿರ ಬದುಕು’ ಎಂಬ ಮಾತನ್ನು ನಾನು ಮೊದಲು ಓದಿದ್ದೇ ನಿಮ್ಮ ವಿಭಾಗದವರು ನನ್ನ ಅಂಗಡಿಯ ಎದುರು ಕಟ್ಟಿದ ಫ್ಲೆಕ್ಸಿನಲ್ಲಿ. ‘ಅರಿತು ಬಳಸಿ, ಕಸ ಇಳಿಸಿ’ ಎಂದಿತ್ತು. ಗಾಳಿಗೆ ಅದೇ ಹರಿದು ಚರಂಡಿಗೆ ಬಿತ್ತು. ಎಂಟು ದಿನ ಯಾರೂ ಎತ್ತಲಿಲ್ಲ. ಕೊನೆಗೆ ನಾನೇ ಎತ್ತಿ ತೊಳೆದು ಒಂಬತ್ತು ಚೀಲ ಹೊಲಿದೆ. ನಿಮ್ಮ ಕಸದ ಗಾಡಿಯ ಹೆಂಗಸು ಅವುಗಳಲ್ಲೊಂದರಲ್ಲೇ ಊಟದ ಡಬ್ಬಿ ತರುತ್ತಾರೆ. ಅವರ ಚೀಲದ ಪಾಲಿಗೆ ‘ಇಳಿಸಿ’ ಎಂಬ ಪದವಷ್ಟೇ ಬಂದಿದೆ.

ನಿಮ್ಮ ನಿಯಮದ ಹಿಂದೆ ಒಳ್ಳೆಯ ಉದ್ದೇಶವಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಜನ ಕತ್ತು ಅತ್ತಿತ್ತ ಹೊರಳಿಸಿ ಯಾರೂ ನೋಡುತ್ತಿಲ್ಲ ಅಂದಕೂಡಲೇ ಚರಂಡಿಗೆ ಎಸೆಯುತ್ತಾರೆ. ಅದನ್ನು ತಡೆಯಲು ನೀವು ಪ್ರತಿ ಬಾಗಿಲಿಗೂ ಕಪ್ಪು ಚೌಕಗಳ ಒಂದು ಚೀಟಿ ಅಂಟಿಸಿದಿರಿ. ಗಾಡಿಯವರು ಕಸವನ್ನು ತೂಗಿ, ಆ ಚೀಟಿಗೆ ಕೈಯಂತ್ರ ಹಿಡಿದರೆ ಅದು ‘ಕೀ’ ಎನ್ನುತ್ತದೆ. ತಿಂಗಳಿಗೆ ಇಪ್ಪತ್ತು ಕೀ ಅನ್ನದ ಅಂಗಡಿಯಾಗಲಿ ಮನೆಯಾಗಲಿ ಕಸವನ್ನು ಎಲ್ಲೋ ಕದ್ದು ಎಸೆಯುತ್ತಿದೆ ಎಂದು ಲೆಕ್ಕ. ಕಸವೇ ಇಲ್ಲದಿದ್ದರೆ? ಗಾಡಿಯ ಹೆಂಗಸು ಪಾಪ, ನನಗಾಗಿ ಎಷ್ಟೋ ದಿನ ಸೊನ್ನೆ ಒತ್ತಿ ನೋಡಿದರು. ಯಂತ್ರ ಪ್ರತಿ ಸಲವೂ ‘ತೂಕ ನಮೂದಿಸಿ’ ಎಂದಿತು. ಇತ್ತ ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಮಹಾಶಯರಿದ್ದಾರೆ. ದಿನಾ ಒಂದು ಪುಟ್ಟ ಚೀಲ ಕಸವನ್ನು ಗಾಡಿಗೆ ಕೊಟ್ಟು ಕೀ ಅನ್ನಿಸಿಕೊಂಡು, ಉಳಿದ ನಾಲ್ಕು ದೊಡ್ಡ ಚೀಲಗಳನ್ನು ಹಿಂದಿನ ಕಾಲುವೆಗೆ ಅರ್ಪಿಸುತ್ತಾರೆ. ಅವರ ಪರವಾನಗಿ ನವೀಕರಣವಾಯಿತು. ಆದರ್ಶ ಮಳಿಗೆ ಎಂಬ ಹಸಿರು ಚೀಟಿಯೂ ಬಂದಿದೆಯಂತೆ. ನನಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ.

ನೋಟಿಸು ಹಿಡಿದು ನಿಮ್ಮ ಕಚೇರಿಗೆ ಬಂದೆ. ಅಲ್ಲಿ ಕೌಂಟರಿನಲ್ಲಿದ್ದ ಗುಮಾಸ್ತೆ ಬಹಳ ಒಳ್ಳೆಯವರು. ನನ್ನ ಕತೆಯನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ದನಿ ಇಳಿಸಿ ಹೇಳಿದರು: “ಏನಾದ್ರೂ ಒಂದಿಷ್ಟು ಕೊಟ್ಬಿಡಿ ಮೇಡಂ. ನಿಮ್ಮ ಹತ್ರ ಇಲ್ಲ ಅಂದ್ರೆ ಪಕ್ಕದ ಮನೆಯವರ ಹತ್ರ ಇಸ್ಕೊಳ್ಳಿ.” ಕಸವನ್ನು ಕಡ ತರುವ ಕಾಲವೂ ಬಂತಲ್ಲ ಎಂದುಕೊಂಡು ಮನೆಗೆ ಬಂದೆ.

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರಿದ್ದಾರೆ, ನಾವೆಲ್ಲ ಮಹಡಿ ಅಕ್ಕ ಅನ್ನುತ್ತೇವೆ. ಸಕ್ಕರೆ ಕೇಳಿದರೆ ಚಮಚದಲ್ಲಿ ಅಳೆಯುವ ಅಕ್ಕ, ಕಸ ಕೇಳಿದಾಗ ಕೈ ಬಿಚ್ಚಿ ಕೊಟ್ಟರು. ತುಂಬಿದ ಚೀಲವನ್ನು ಮೆಟ್ಟಿಲಿಳಿದು ತಾವೇ ತಂದಿಟ್ಟು, ನಾಳೆಯೂ ಬೇಕಾದರೆ ಸಂಕೋಚ ಪಡಬೇಡ ಎಂದರು. ಆ ಚೀಲವನ್ನು ಹಾಗೆಯೇ ಗಾಡಿಗೆ ಕೊಟ್ಟಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ಹಸಿ ಒಣ ಬೇರೆ ಮಾಡಿಯೇ ಕೊಡಬೇಕೆಂದು ನಿಮ್ಮದೇ ಇನ್ನೊಂದು ನಿಯಮವಿದೆಯಲ್ಲ? ಅಂಗಡಿಗೆ ಒಯ್ದು ಚೀಲ ಬಿಚ್ಚಿದೆ. ಮೇಲೆಯೇ ಒಂದು ಕೊಡೆ. ಕಡ್ಡಿಯ ತುದಿಯಿಂದ ಬಟ್ಟೆಯ ಹೊಲಿಗೆ ಬಿಟ್ಟಿತ್ತು, ಅಷ್ಟೇ. ಅದರಡಿಯಲ್ಲಿ ಒಂದು ಕೈಚೀಲ, ಜಿಪ್ಪಿನ ರನ್ನರ್ ಸಡಿಲವಾಗಿತ್ತು, ಅಷ್ಟೇ. ಮತ್ತೂ ಅಡಿಯಲ್ಲಿ ಮಕ್ಕಳ ಶಾಲೆಯ ಚೀಲ, ಒಂದು ಪಟ್ಟಿ ಕಿತ್ತಿತ್ತು. ನಾನು ಸುಮ್ಮನೆ ನೋಡಬೇಕೆಂದೇ ಕೈಗೆತ್ತಿಕೊಂಡದ್ದು, ಆಣೆ ಮಾಡಿ ಹೇಳುತ್ತೇನೆ. ಕೈ ಸುಮ್ಮನಿರಬೇಕಲ್ಲ! ಅರ್ಧ ಗಂಟೆಯಲ್ಲಿ ಮೂರೂ ಸರಿಯಾಗಿ ಬೆಂಚಿನ ಮೇಲೆ ಕೂತಿದ್ದವು, ನಾನು ಅವುಗಳ ಎದುರು ತಲೆ ಮೇಲೆ ಕೈಹೊತ್ತು ಕೂತಿದ್ದೆ. ಉಳಿದದ್ದು ತರಕಾರಿ ಸಿಪ್ಪೆ. ಆ ಹೊತ್ತಿಗೆ ಸರಿಯಾಗಿ ನನ್ನ ಯಜಮಾನರು ಊಟ ತಂದರು. ಮುದ್ರಣಾಲಯದಿಂದ ನಿವೃತ್ತರಾದ ಮೇಲೆ ಅವರಿಗೆ ತಾರಸಿಯ ಕುಂಡಗಳ ಹುಚ್ಚು. ಸಿಪ್ಪೆ ಕಂಡರೆ ಅವರ ಮುಖ ಅರಳುತ್ತದೆ, ನಮ್ಮ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಊಟದ ಡಬ್ಬಿಯ ಮುಚ್ಚಳದಲ್ಲೇ ತುಂಬಿಕೊಂಡು ಹೋದರು. ಗಾಡಿ ಬಂದಾಗ ನನ್ನ ಕೈಯಲ್ಲಿ ಉಳಿದಿದ್ದದ್ದು ಒಂದು ಬಿಸ್ಕತ್ತಿನ ಹೊದಿಕೆ. ಯಂತ್ರ ಅದನ್ನು ತೂಕವೆಂದೇ ಒಪ್ಪಲಿಲ್ಲ.

ಸರಿಮಾಡಿದ್ದನ್ನು ವಾಪಸು ಕೊಡಲು ಹೋದರೆ ಅಕ್ಕನ ಮುಖ ಸಣ್ಣಗಾಯಿತು. “ಎಸೆದ ಸಾಮಾನನ್ನ ಮನೆಗೆ ತಂದು ಕೊಡ್ತಿಯಲ್ಲೇ. ಹೊಸ ಕೊಡೆ ತಗೊಳ್ಳೋಕೆ ನನಗೊಂದು ನೆಪ ಸಿಕ್ಕಿತ್ತು,” ಎಂದರು. ಆದರೂ ಕೊಡೆಯನ್ನು ಬಿಚ್ಚಿ ನೋಡಿದರು, ಮುಚ್ಚಿದರು, ಮತ್ತೆ ಬಿಚ್ಚಿದರು. ಮಾರನೆಯ ದಿನದಿಂದ ನಮ್ಮವರು ಒಂದು ಕಾನೂನು ಮಾಡಿದರು: ಬಂದ ಚೀಲದ ಗಂಟನ್ನು ನಾನು ಮುಟ್ಟಕೂಡದು, ಅವರೇ ಹಸಿ ಒಣ ಬೇರೆ ಮಾಡಿ ಗಾಡಿಗೆ ಕೊಡುವುದು. ಎರಡು ದಿನ ನಡೆಯಿತು. ಎರಡು ಕೀ ಸಂಪಾದಿಸಿದೆವು. ಮೂರನೆಯ ದಿನ ಅವರು ಅಕ್ಕನ ಕಸದ ಜೊತೆ ಬಂದ ಒಂದು ಹಳೆಯ ಸ್ಟೂಲನ್ನು ಎತ್ತಿಕೊಂಡು ಒಳಗೆ ಬಂದು, ನನ್ನ ಕಣ್ಣು ತಪ್ಪಿಸಿ, ಒಂದೇ ಕಾಲು ಅಲ್ಲಾಡುತ್ತಿದೆ, ಮೊಳೆ ಎಲ್ಲಿದೆ ಎಂದರು. ಇಂಥ ಮನೆಯಿಂದ ನಿಮಗೆ ಕಸ ಬೇಕೇ?

ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಪಾಪ, ಅಂಗಡಿ ಮುಚ್ಚಿಹೋಗುತ್ತದಂತೆ, ಕಸ ಬೇಕಂತೆ ಎಂದು ಜನ ಸಹಾಯಕ್ಕೆ ಧಾವಿಸಿದರು. ಔಷಧದಂಗಡಿಯವರು ಕೈ ಮುರಿದ ಕುರ್ಚಿ ತಂದರು. ಕ್ಷೌರದವರು ಹರಿದ ಹೊದೆಬಟ್ಟೆಗಳನ್ನು ತಂದರು. ಯಾರೋ ಚಕ್ರ ಕಿತ್ತ ಪ್ರವಾಸದ ಪೆಟ್ಟಿಗೆಯನ್ನು ಬಾಗಿಲಲ್ಲಿ ಬಿಟ್ಟು ಹೆಸರೂ ಹೇಳದೆ ಹೋದರು. ಇಷ್ಟು ಪ್ರೀತಿಯನ್ನು ಗಾಡಿಗೆ ಎಸೆಯುವುದು ಹೇಗೆ? ಒಂದೊಂದೇ ಸರಿಮಾಡಿ ಕೊಟ್ಟೆ. ಕೊಟ್ಟವರು ಮನೆಯಲ್ಲಿ ಇನ್ನೇನಿದೆ ಎಂದು ಹುಡುಕಿ ತಂದರು. ಎಸೆಯುವ ಮುಂಚೆ ಒಮ್ಮೆ ನನಗೆ ತೋರಿಸುವುದು ಬೀದಿಗೇ ಅಭ್ಯಾಸವಾಯಿತು. ಅಡುಗೆಮನೆಗಳ ಸಿಪ್ಪೆಯೆಲ್ಲ ನಮ್ಮವರ ಕುಂಡಗಳಿಗೆ ಹೋಯಿತು. ಆ ತಿಂಗಳ ಲೆಕ್ಕ ಮುಗಿಯುತ್ತಲೇ ಮಹಡಿ ಅಕ್ಕ ಕೆಂಪು ಮುಖದಲ್ಲಿ ಒಂದು ಕಾಗದ ಹಿಡಿದು ಅಂಗಡಿಗೆ ಬಂದರು. ಅವರ ಮನೆಗೂ ನಿಮ್ಮ ನೋಟಿಸು! ಅವರ ಹಿಂದೆ ಔಷಧದಂಗಡಿಯವರು, ಅವರ ಹಿಂದೆ ಕ್ಷೌರದವರು. ನಾನೊಬ್ಬಳು ಅಪರಾಧಿ ಎಂದು ನೀವು ತಿಳಿದಿದ್ದಿರಿ. ಈಗ ನಮ್ಮದು ಒಂದು ತಂಡ.

ಮೊನ್ನೆ ನಿಮ್ಮ ತಪಾಸಣಾಧಿಕಾರಿಗಳು ಬಂದರು. ವಯಸ್ಸಾದವರು, ಬೆವರಿದ್ದರು, ಬೆಂಚಿನ ಮೇಲೆ ಕೂತು ನೀರು ಕುಡಿದು ಕೆಲಸ ಶುರು ಮಾಡಿದರು. ಯಂತ್ರದಡಿ ಬಗ್ಗಿ ನೋಡಿದರು. ಡಬ್ಬಿಗಳ ಮುಚ್ಚಳ ತೆಗೆದರು. ಹಿಂದಿನ ಕಾಲುವೆಗೆ ಹೋಗಿ ಮೂಗು ಮುಚ್ಚಿಕೊಂಡು ಬಂದರು, ಅಲ್ಲಿರುವುದು ತಿರುವಿನ ಮಹಾಶಯರ ಚೀಲಗಳೆಂದು ಅವರಿಗೂ ಗೊತ್ತಿತ್ತು. ಕೊನೆಗೆ ನನ್ನ ದಿಂಬನ್ನು ಒತ್ತಿ ಒತ್ತಿ ನೋಡಿದರು. ಹನ್ನೊಂದು ತಿಂಗಳ ಕಸವನ್ನು ನಾನು ಎಲ್ಲೋ ಬಚ್ಚಿಟ್ಟಿದ್ದೇನೆ ಎಂಬ ಅನುಮಾನ ಅವರಿಗೆ ಹೋಗಲೇ ಇಲ್ಲ. ಅವರ ಹೆಗಲಚೀಲದ ಪಟ್ಟಿ ಒಂದು ಪಿನ್ನಿನ ಮೇಲೆ ನಿಂತಿತ್ತು. ನೋಡಿಯೂ ನೋಡದಂತೆ ಇರಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಕೊಡಿ ಇಲ್ಲಿ ಎಂದು ಕಿತ್ತುಕೊಂಡು ಹೊಲಿಯತೊಡಗಿದೆ. ಆಗ ಅವರು ತಮ್ಮ ಫಾರಂ ತೋರಿಸಿ ಮೆತ್ತಗೆ ಹೇಳಿದರು: “ನನಗೆ ಕಾಣಿಸ್ತಿದೆ ಅಮ್ಮಾ, ನಿಮ್ಮ ಹತ್ರ ಕಸ ಇಲ್ಲ. ಆದ್ರೆ ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ. ಕಸ ಕೊಟ್ಟಿದ್ದಾರಾ, ಇಲ್ವಾ ಅಂತ ಕೇಳುತ್ತೆ. ಇಲ್ಲ ಅಂದ್ರೆ ಎಲ್ಲಿ ಎಸೆದಿದ್ದಾರೆ ಅಂತ ಕೇಳುತ್ತೆ. ಅದನ್ನ ಖಾಲಿ ಬಿಡೋ ಹಾಗಿಲ್ಲ.” ಕೊನೆಗೆ ಅವರು ‘ಎಸೆದ ಸ್ಥಳ ಪತ್ತೆಯಾಗಿಲ್ಲ’ ಎಂದು ಬರೆದುಕೊಂಡು, ಹೊಲಿದ ಚೀಲವನ್ನು ಹೆಗಲಿಗೇರಿಸಿ, ತುಂಬ ಥ್ಯಾಂಕ್ಸ್ ಅಮ್ಮಾ ಎಂದು ಹೋದರು. ನನಗೆ ಅವರ ಮೇಲೆ ಕೋಪವಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯಲು ಜಾಗವಿಲ್ಲದ ಫಾರಂ ಹೊತ್ತು ಬಿಸಿಲಲ್ಲಿ ತಿರುಗುವುದು ಸುಲಭದ ಕೆಲಸವಲ್ಲ. ಆ ಫಾರಂ ಮಾಡಿದವರು ನೀವು. ಒಂದು ಮನೆ, ಒಂದು ಅಂಗಡಿ, ಇದ್ದುದರಲ್ಲೇ ಬದುಕಿ ಏನನ್ನೂ ಎಸೆಯದೆ ಇರಬಹುದು ಎಂಬ ಯೋಚನೆ ನಿಮಗೆ ಒಮ್ಮೆಯೂ ಬರಲಿಲ್ಲವೇ? ಬೀದಿ ಬೀದಿಯಲ್ಲಿ ಫ್ಲೆಕ್ಸು ಕಟ್ಟಿ ನಮಗೆ ಹೇಳಿದ್ದು ಅದನ್ನೇ ಅಲ್ಲವೇ? ನಾವು ನಿಜವಾಗಿಯೂ ಮಾತು ಕೇಳಿಬಿಡುತ್ತೇವೆ ಎಂಬ ಭಯ ನಿಮಗೆ ಯಾಕೆ ಇರಲಿಲ್ಲ?

ಇಷ್ಟು ಹೊತ್ತು ನಗುನಗುತ್ತಲೇ ಬರೆದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಬೇರೆ ಕೆಲಸ ಕಲಿಯಲಾರೆ, ಬೇರೆ ಕೆಲಸ ನನಗೆ ಬೇಕಾಗಿಯೂ ಇಲ್ಲ. ಬೆಳಿಗ್ಗೆ ಶಟರ್ ಎತ್ತಿ ಸೂಜಿಗೆ ದಾರ ಪೋಣಿಸುವಾಗ ಆಗುವ ಸಂತೋಷ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಈಗ ನನ್ನ ಗೋಡೆಯ ಮೇಲೆ ಅರವತ್ತೆರಡು ಸಾಮಾನು ನೇತಾಡುತ್ತಿವೆ. ಅಂಚೆಯವರ ಚೀಲ, ದಾದಿಯೊಬ್ಬರ ಕೊಡೆ, ಸತ್ತ ಗಂಡನ ಪ್ರಯಾಣದ ಚೀಲವನ್ನು ಮಗನಿಗಾಗಿ ಹೊಲಿಸಲು ಕೊಟ್ಟ ಒಬ್ಬ ತಾಯಿಯದ್ದು. ಎಲ್ಲಕ್ಕೂ ಹೆಸರಿನ ಚೀಟಿ ಕಟ್ಟಿದ್ದೇನೆ. ಶನಿವಾರ ನೀವು ಬೀಗ ಹಾಕಿದರೆ ಅವುಗಳನ್ನು ಅರ್ಧಕ್ಕೇ ವಾಪಸು ಕೊಡಬೇಕು. ಈ ಊರಿನಲ್ಲಿ ಬೇರೆ ರಿಪೇರಿಯವರಿಲ್ಲ. ಅವರೆಲ್ಲ ಅವನ್ನು ಮನೆಗೆ ಒಯ್ದು, ನಾಲ್ಕು ದಿನ ಮೂಲೆಯಲ್ಲಿಟ್ಟು, ಕೊನೆಗೆ ನಿಮ್ಮ ಗಾಡಿಗೆ ಹಾಕುತ್ತಾರೆ. ನನ್ನ ಯಂತ್ರ, ಡಬ್ಬಿ, ದಿಂಬು ಕೂಡ ಅಲ್ಲಿಗೇ. ಆ ದಿನ ನನ್ನ ಬಾಗಿಲಿನ ಚೀಟಿಯೆದುರು ನಿಮ್ಮ ಕೈಯಂತ್ರ ಬಿಡದೆ ಕೀ ಕೀ ಅನ್ನುತ್ತದೆ. ಇಪ್ಪತ್ತಮೂರು ವರ್ಷದಲ್ಲಿ ಕೊಡದ ಕಸವನ್ನು ನಾನು ಒಂದೇ ದಿನದಲ್ಲಿ ಕೊಟ್ಟಿರುತ್ತೇನೆ. ನಿಯಮದ ಪ್ರಕಾರ ಪರವಾನಗಿಗೆ ಪೂರ್ತಿ ಅರ್ಹಳಾಗಿರುತ್ತೇನೆ. ಅಂಗಡಿ ಮಾತ್ರ ಇರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಫಾರಂನಲ್ಲಿ ಇನ್ನೊಂದು ಸಾಲು ಸೇರಿಸಿ: ‘ಕಸ ಆಗಿಲ್ಲ.’ ಅದರ ಮುಂದೆ ಒಂದು ಗುರುತು ಹಾಕುವಷ್ಟು ಜಾಗ ಬಿಡಿ. ಸುಳ್ಳು ಹೇಳುತ್ತಾರೆ ಎಂಬ ಅನುಮಾನವಿದ್ದರೆ ಯಾವಾಗ ಬೇಕಾದರೂ ಬಂದು ನೋಡಿ. ನೀವೇ ಬನ್ನಿ, ಬೆಂಚಿದೆ. ಶನಿವಾರಕ್ಕೆ ಮುಂಚೆ ಬನ್ನಿ.

ಇಂತಿ,
ಕಸ ಮಾಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿ ಸೋತ,
ಸದ್ಯಕ್ಕೆ ಇನ್ನೂ ಅಂಗಡಿಯಿರುವ,
ನಿಮ್ಮ ಚೀಲ ಹೊಲಿಯುವವಳು